ಬೊಮ್ಮನ ಕೊರಳ ಗಂಟೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಾಯಿಯ ತಾಯಿ ಪುಟ್ಟಮಾದಮ್ಮನವರು. ಹಣೆಗೆ ವಿಭೂತಿ ಇಟ್ಟುಕೊಂಡು, ದೀಪ ಸಣ್ಣದು ಮಾಡಿ, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳುತ್ತಿದ್ದರು. ಅವರು ಹೇಳಿದ ಹಾಗೇ ಹೇಳುತ್ತೇನೆ.

ಒಂದಾನೊಂದು ಕಾಲದಲ್ಲಿ, ಮಗಾ, ಕಾಡು ಊರಿನ ಬೇಲಿ ತನಕ ಬಂದು ನಿಂತಿದ್ದ ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಬೆಟ್ಟದ ಮೇಲಿನ ಸ್ವಾಮಿಗೆ ಹುಲಿಯೇ ವಾಹನ. ಊರಿಗೆ ಯಜಮಾನ ಹೊನ್ನಲಗೇಗೌಡ, ಅವನ ಹೆಂಡತಿ ದುಂಡಮ್ಮ. ಮನೇಲಿ ಎಲ್ಲಾ ಇತ್ತು, ತೊಟ್ಟಿಲು ಮಾತ್ರ ಅಟ್ಟದಿಂದ ಇಳಿದಿರಲಿಲ್ಲವಂತೆ. ಒಂದು ದಿನ ದುಂಡಮ್ಮ ಸೌದೆಗೆ ಹೋದರೆ, ಹಂದಿಗೆ ಅಂತ ತೋಡಿದ್ದ ಗುಂಡೀಲಿ ತಾಯಿಹುಲಿ ಬಿದ್ದು ಸತ್ತಿತ್ತಂತೆ, ದಡದಲ್ಲಿ ಮರಿ ಕೂತು ಕೂಗ್ತಿತ್ತಂತೆ. ಇವಳು ಸೌದೆ ಅಲ್ಲೇ ಬಿಸಾಕಿ ಮರೀನ ಸೆರಗಲ್ಲಿ ಸುತ್ಕೊಂಡು ಬಂದಳಂತೆ.

ಆಮೇಲೆ ಕೆಂದ ಹಸುವಿನ ಹಾಲಲ್ಲಿ ಬಟ್ಟೆ ಬತ್ತಿ ಅದ್ದಿ ಅದ್ದಿ ಚೀಪಿಸಿ ಬದುಕಿಸಿದಳಂತೆ, ಬೊಮ್ಮ ಅಂತ ಹೆಸರಿಟ್ಟಳಂತೆ. ಓಡಾಡೋ ಹಾಗಾದ ಮೇಲೆ ಕಾಡಿಗೆ ಬಿಟ್ಟು ಬರ್ತೀನಿ ಅಂದಳಂತೆ. ಗೌಡ ಮೀಸೆ ತೀಡಿ ನಕ್ಕನಂತೆ. ಬಿಡೋದಾ, ಲೇ ಹುಚ್ಚಿ, ಸ್ವಾಮಿ ವಾಹನ ಇನ್ಯಾವ ಗಂಡಸಿನ ಬಾಗಿಲಲ್ಲಿ ಕಟ್ಟಿದೆ ಹೇಳು ನೋಡಾಣ ಅಂದನಂತೆ. ದುಂಡಮ್ಮನಿಗೂ ಒಳಗೊಳಗೇ ಅದೇ ಬೇಕಾಗಿತ್ತು ಅನ್ನು. ಈ ಮಳೆ ಕಳೀಲಿ ಅಂದಳಂತೆ, ಆಮೇಲೆ ಇನ್ನೊಂದು ಮಳೆಯೂ ಕಳೀಲಿ ಅಂದಳಂತೆ.

ಹುಲಿ ಬೆಳೀತು, ಊರು ಹೆದರ್ತು. ಅದಕ್ಕೆ ಗೌಡ, ಹಸುವಿಗೆ ಕಟ್ಟೋ ಹಾಗೆ ಒಂದು ಕಂಚಿನ ಗಂಟೆ ಎರಕ ಹೊಯ್ಯಿಸಿ, ಬೆಟ್ಟದ ಗುಡೀಲಿಟ್ಟು ಪೂಜೆ ಮಾಡಿಸಿ, ಚರ್ಮದ ಪಟ್ಟೀಲಿ ಬೊಮ್ಮನ ಕೊರಳಿಗೆ ಬಿಗಿದನಂತೆ. ಸ್ವಾಮಿ ಆಣೆ, ಇದನ್ನ ಯಾರೂ ಬಿಚ್ಚಕೂಡದು ಅಂದನಂತೆ. ಆಮೇಲೆ ಗಂಟೆ ಸದ್ದಾದರೆ ಕೂಸುಗಳೂ ಹೆದರ್ತಿರಲಿಲ್ಲ, ಗೌಡರ ಬೊಮ್ಮ ಕಣೋ ಅಂತಿದ್ದವಂತೆ. ಸುತ್ತಲ ಊರವರೆಲ್ಲ ಕಾಯಿ ಹಣ್ಣು ಹಿಡಿದು ಬರೋರು. ಗೌಡ ಜಗಲಿ ಮೇಲೆ ಕೂತು ಕಾಲು ಇಳಿಬಿಟ್ಟರೆ, ಬೊಮ್ಮ ಬಂದು ಮಲಗಿ ಬೆನ್ನು ಕೊಡಬೇಕು, ಅದರ ಮೇಲೆ ಇವನು ಪಾದ ಇಡಬೇಕು. ಮರಿಯಿಂದ ಹಾಗೆ ಕಲಿಸಿದ್ದನಂತೆ.

ಅದಕ್ಕೆ ಊಟ ಏನಜ್ಜಿ ಅಂತ ನಾನು ಕೇಳ್ತಿದ್ದೆ. ಆಡು ಕಣೋ, ಗೌಡನ ಮನೇದಲ್ಲ, ಊರವರ ಮನೇದು ಅಂತಿದ್ದರು ಅಜ್ಜಿ.

ಹೀಗಿರಬೇಕಾದರೆ ಒಂದು ದಿನ ಬೊಮ್ಮ ಸರಪಳಿ ಕಿತ್ಕೊಂಡು, ಗೌಡನ ತಮ್ಮನ ಕರುವಿನ ಮೇಲೆ ಬಿತ್ತಂತೆ. ತಮ್ಮನ ಹೆಂಡತಿ ನಡುಬೀದೀಲಿ ನಿಂತು, ನಿಮ್ಮ ಸ್ವಾಮಿ ವಾಹನ ನಮ್ಮ ಕರು ತಿಂತಲ್ಲ ಬಾವ, ನಾಳೆ ನಮ್ಮ ಕೂಸು ತಿಂದರೆ ಅದಕ್ಕೂ ಕಾಯಿ ಒಡೀಬೇಕಾ ಅಂತ ಕೇಳಿದಳಂತೆ. ಕಾಯಿ ತಂದಿದ್ದ ಜನವೇ ಕಲ್ಲು ಎತ್ಕೊಂಡರಂತೆ. ಗೌಡ ಆವತ್ತೇ ಬೊಮ್ಮನ್ನ ಕಾಡಿನ ಅಂಚಿಗೆ ಎಳೆದನಂತೆ. ಹಿಂದೆ ಹೋದ ದುಂಡಮ್ಮ, ಗಂಟೆಯಾದರೂ ಬಿಚ್ಚಾಣ ಕಣ್ರೀ ಅಂತ ಕೈ ಚಾಚಿದಳಂತೆ. ಆಣೆ ಮರೆತೆಯೇನೇ, ಮನೆ ಹಾಳಾಗ್ಲಿ ಅಂತಲೋ ಅಂದನಂತೆ. ದೇವರಿಗೆ ಹೆದರೋ ಹೆಂಗಸು, ಕೈ ಹಿಂದಕ್ಕೆ ತೆಗೆದಳಂತೆ.

ಮೊದಲನೇ ಸಂಜೆ ಗಂಟೆ ದೂರದ ಕಣಿವೇಲಿ ಕೇಳ್ತಂತೆ. ನನ್ನ ಬೊಮ್ಮ ತಿರುಗಾಡ್ತಾ ಇದೆ ಅಂತ ಇವಳಿಗೆ ಸಮಾಧಾನ. ಎರಡನೇ ಸಂಜೆ ಗಂಟೆ ಓಡ್ತಂತೆ, ನಿಲ್ತಂತೆ, ಮತ್ತೆ ಓಡ್ತಂತೆ, ಮತ್ತೆ ನಿಲ್ತಂತೆ. ಆಗ ಇವಳಿಗೆ ಹೊಳೀತಂತೆ, ಹುಲಿಗಿಂತ ಮುಂಚೆ ಗಂಟೆ ಹೋಗಿ ಜಿಂಕೆಗಳನ್ನ ಎಬ್ಬಿಸ್ತಿದೆಯಲ್ಲಪ್ಪ ಅಂತ. ಮೂರನೇ ಸಂಜೆ ಗಂಟೆ ಕೆರೆ ಹಿಂದೆ ಬಂದಿತ್ತಂತೆ, ಒಂದೊಂದೇ ಸದ್ದು, ಸುಸ್ತಾದೋರು ಹೆಜ್ಜೆ ಇಟ್ಟ ಹಾಗೆ.

ಬೆಳಕು ಹರೀತಲೇ ದುಂಡಮ್ಮ ಬೆಟ್ಟ ಹತ್ತಿ, ಆಣೆ ಬಿಡಿಸಿ ಸ್ವಾಮಿ ಅಂತ ಪೂಜಾರಿ ಕಾಲಿಗೆ ಬಿದ್ದಳಂತೆ. ಆ ಮುದುಕ ಅವಳನ್ನ ಗರ್ಭಗುಡಿ ಹೊಸ್ತಿಲಿಗೆ ಕರಕೊಂಡು ಹೋಗಿ, ಸ್ವಾಮಿ ಕೂತಿರೋ ಹುಲಿ ನೋಡು ತಾಯಿ, ಕೊರಳಲ್ಲಿ ಏನಾದರೂ ಇದೆಯಾ, ಆ ಆಣೆ ಸ್ವಾಮಿದಲ್ಲ ನಿನ್ನ ಗಂಡಂದು ಅಂದನಂತೆ. ಹುಲಿ ಕೊರಳು ಬರಿದಾಗಿತ್ತಂತೆ. ಹುಟ್ಟಿದಾಗಿಂದ ಕೈ ಮುಗಿದಿದ್ದಳು, ಒಂದು ದಿನವೂ ನೋಡಿರಲಿಲ್ಲ.

ಆಮೇಲೆ ಕುಡುಗೋಲು ಹಿಡಿದು ಕಾಡೆಲ್ಲ ಬೊಮ್ಮಾ ಬೊಮ್ಮಾ ಅಂತ ಕೂಗಿದಳಂತೆ. ಹೊತ್ತು ಇಳಿಯೋವಾಗ ಬಂತಂತೆ, ಪಕ್ಕೆಯ ಎಲುಬು ಎಣಿಸಬಹುದಿತ್ತಂತೆ, ಬಂದು ಅವಳ ಅಂಗೈ ನೆಕ್ಕಿತಂತೆ. ಪಟ್ಟಿ ಕುಯ್ದು, ಗಂಟೆಗೆ ಹುಲ್ಲು ತುರುಕಿ ಮಡಿಲಿಗೆ ಹಾಕ್ಕೊಂಡು, ಹೋಗಪ್ಪ, ಇನ್ನು ಬದುಕ್ಕೋ ಅಂತ ಹೇಳಿ, ತಿರುಗಿ ನೋಡಿದರೆ ಅತ್ತುಬಿಡ್ತೀನಿ ಅಂತ ನೋಡದೇ ಊರ ಕಡೆ ನಡೆದಳಂತೆ.

ಬೊಮ್ಮ ಹಿಂದೇನೇ ಬಂತಂತೆ. ಸದ್ದಿಲ್ಲ. ಅವಳಿಗೂ ಗೊತ್ತಾಗಲಿಲ್ಲ.

ಬೇಲಿ ಹತ್ತಿರ ಜನ ಹುಲಿ ಹುಲಿ ಅಂತ ಕಿರುಚಿದರಂತೆ. ಗಂಟೆ ಇಲ್ಲ, ಹಾಗಾದರೆ ಇದು ಕಾಡಿಂದೇ ಅಂತ ಗೌಡ ಈಟಿ ಹಿಡಿದು ಓಡಿಬಂದನಂತೆ. ದುಂಡಮ್ಮ ತಿರುಗಿದಳು, ಗಂಟೆಗೆ ಅಂತ ಮಡಿಲಿಗೆ ಕೈ ಹಾಕಿದಳು. ಬೊಮ್ಮ ಗೌಡನ್ನ ಕಂಡು, ಎಂದಿನ ಹಾಗೆ ಅವನ ಕಾಲ ಹತ್ತಿರ ಮಲಗಿ, ಪಾದ ಇಡಲಿ ಅಂತ ಬೆನ್ನು ಕೊಟ್ಟಿತಂತೆ. ಈಟಿ ಆ ಬೆನ್ನಿಗೇ ಇಳೀತಂತೆ.

ಅವಳು ಮಡಿಲಿಂದ ಗಂಟೆ ತೆಗೆದಳಂತೆ. ಗೌಡ ಗಂಟೆ ನೋಡಿದ, ಹುಲಿ ನೋಡಿದ, ಆಮೇಲೆ ಹಿಂದೆ ನಿಂತ ಜನ ನೋಡಿದ. ಒಳಗಿಡೇ ಅದನ್ನ ಅಂತ ಹಲ್ಲು ಕಚ್ಚಿ ಅಂದನಂತೆ.

ಆಮೇಲೆ ಏನು, ಊರು ಕಾದ ಗೌಡ ಅಂತ ಹೆಸರಾಯ್ತು. ಬೇಲಿ ಹತ್ತಿರ ಕಲ್ಲು ನೆಟ್ಟರಂತೆ, ಹಾರಿ ಬರೋ ಹುಲಿಗೆ ಗೌಡ ಈಟಿ ಚುಚ್ಚೋ ಹಾಗೆ ಕೆತ್ತಿಸಿ. ತಮ್ಮನ ಮಗ ದತ್ತು ಬಂದ, ತೊಟ್ಟಿಲು ಇಳೀತು, ಗೌಡ ತುಂಬಾ ಕಾಲ ಸುಖವಾಗಿ ಬಾಳಿದನಂತೆ. ದುಂಡಮ್ಮನೂ ದಿನಾ ಮಿಂದು ಮಡಿಯುಟ್ಟು ಬೆಟ್ಟದ ಸ್ವಾಮಿಗೆ ದೀಪ ಹಚ್ತಿದ್ದಳಂತೆ. ಅವಳ ಪೂಜೇಲಿ ಗಂಟೆ ಮಾತ್ರ ಇರಲಿಲ್ಲವಂತೆ. ಯಾಕಮ್ಮಾ ಅಂತ ಯಾರಾದರೂ ಕೇಳಿದರೆ, ಸ್ವಾಮಿ ವಾಹನ ಬೆಚ್ಚುತ್ತೆ ಅಂತಿದ್ದಳಂತೆ.

ಇಲ್ಲಿಗೆ ಮುಗೀತು ಮಗಾ, ಕಣ್ಣು ಮುಚ್ಚು ಅಂತಿದ್ದರು ಅಜ್ಜಿ.

ಓದಿದವರು ಇದನ್ನು ಮನೆಯ ಮಕ್ಕಳಿಗೆ ದಯವಿಟ್ಟು ಹೇಳಿ. ಕಲ್ಲಿನಲ್ಲಿ ಹುಲಿ ಹಾರುತ್ತಿದೆ. ಅದು ಮಲಗಿತ್ತು ಎಂದು ಹೇಳಿ.