ಮೇನೆ ಹೊತ್ತವನ ನಡಿಗೆ

“ಅಜ್ಜನವರೇ, ಎಲ್ಲಕ್ಕಿಂತ ಒಳ್ಳೆಯ ನಡಿಗೆ ಯಾವುದು?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವನು ಮಠದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಶಿಷ್ಯ. ಆ ಭಾಷೆಯಲ್ಲಿ ಒಂದೊಂದು ಬಗೆಯ ನಡಿಗೆಗೂ ಒಂದೊಂದು ಕ್ರಿಯಾಪದ ಇರುವುದು ಅವನಿಗೆ ಬಹಳ ಹಿಡಿಸಿತ್ತು. ಸುಮ್ಮನೆ ಅಡ್ಡಾಡಿದರೆ ಸ್ಟ್ರೋಲ್, ಎದೆಯುಬ್ಬಿಸಿ ನಡೆದರೆ ಸ್ಟ್ರಟ್, ಕುಂಟಿದರೆ ಲಿಂಪ್ ಎನ್ನುತ್ತ ಅಂಗಳದಲ್ಲಿ ಹಾಗೆಯೇ ನಡೆದೂ ತೋರಿಸಿದ.

ಗುರುಗಳಿಗೆ ನಗು ಬಂತು. ಇಷ್ಟೆಲ್ಲ ನಡಿಗೆಯನ್ನು ಕಣ್ಣಿಟ್ಟು ನೋಡಿ ಹೆಸರಿಟ್ಟವರು ಜಾಣರೇ ಸರಿ ಎಂದು ಮೆಚ್ಚಿದರು. ಇನ್ನು ನಿನ್ನ ಕಾಲಿಗೂ ಸ್ವಲ್ಪ ಬಿಡುವು ಕೊಡು, ಕೂತುಕೋ ಎಂದು ಹೇಳಿ ಕತೆ ತೆಗೆದರು.

ಮೋಟಾರು ಇಲ್ಲದ ಕಾಲ. ಒಬ್ಬ ವರ್ತಕನ ಸೊಸೆ ಬಸುರಿ. ಮೊದಲಿನ ಬಸಿರು ನಿಂತಿರಲಿಲ್ಲ. ಈ ಸಲವೂ ಮೈ ಕುಲುಕಿದರೆ ಕೂಸು ಉಳಿಯುವುದಿಲ್ಲ, ಹಾಸಿಗೆ ಬಿಟ್ಟು ಏಳಲೇಬೇಡ ಎಂದು ವೈದ್ಯ ಹೇಳಿದ್ದ. ಅಷ್ಟರಲ್ಲಿ ಊರಿಗೆ ಕಾಲರಾ ಬಂತು. ಇರುವಂತಿಲ್ಲ, ಹೋಗುವಂತಿಲ್ಲ. ಕೊನೆಗೆ ಗುಡ್ಡದಾಚೆಯ ತವರಿಗೆ ಕಳಿಸುವುದೆಂದು ಮೇನೆ, ಅಂದರೆ ಮುಚ್ಚಿದ ಪಲ್ಲಕ್ಕಿ, ಕರೆಸಿದರು.

ಮೇನೆ ಹೊರುವವರು ನಾಲ್ವರು. ಬರಿಗೈಲಿ ಬರುವಾಗ ನೋಡಬೇಕು ನೀನು, ಒಬ್ಬನದು ದಾಪುಗಾಲು, ಒಬ್ಬನದು ಓಟ, ಇನ್ನೊಬ್ಬ ಕಾಲೆಳೆದುಕೊಂಡು ಬರುವ ಆಸಾಮಿ. ಮೇನೆ ಹೆಗಲಿಗೆ ಬಂತೋ, ನಾಲ್ವರದೂ ಒಂದೇ ನಡಿಗೆ. ಹೊಸಬನಿಗೆ ಅವರು ಮೊದಲು ಮನುಷ್ಯರನ್ನು ಹೊರಲು ಕೊಡುತ್ತಿರಲಿಲ್ಲ. ಖಾಲಿ ಮೇನೆಯೊಳಗೆ ತುಂಬಿದ ಕೊಡ ಇಟ್ಟು ಹೊರಿಸುತ್ತಿದ್ದರು. ನೀರು ತುಳುಕುವುದು ನಿಲ್ಲುವ ತನಕ ಅವನಿಗೆ ಆ ಕೊಡವೇ ಗತಿ. ಎಂಥ ಜನವಪ್ಪ ಅವರು, ನೆನೆದರೆ ಕೈಮುಗಿಯಬೇಕು ಅನಿಸುತ್ತದೆ.

ಮೇನೆ ಅಡ್ಡವಾಗಿ ಹಿಂದಿನವರಿಗೆ ದಾರಿ ಕಾಣುವುದಿಲ್ಲ. ಮುಂದಾಳು ಕಲ್ಲು ಕಂಡರೆ ಕಲ್ಲು ಎನ್ನಬೇಕು, ತಗ್ಗು ಕಂಡರೆ ತಗ್ಗು ಎನ್ನಬೇಕು. ಆ ಮಾತು ಕೇಳಿಯೇ ಅವರು ಕಾಲಿಡುವುದು. ಗುಡ್ಡ ಇಳಿಯುವಾಗ ಒಳಗೆ ಹೆಣ್ಣುಮಗಳು ನರಳಿದ ಹಾಗಾಯಿತು. ಮುಂದಾಳಿನ ಕಿವಿ ಅತ್ತ ಹೋಯಿತು, ನೆಲದ ಮೇಲಿನ ಗಮನ ತಪ್ಪಿತು. ಜಾಲಿಮುಳ್ಳೊಂದು ಅವನ ಅಂಗಾಲಿಗೆ ಆಳವಾಗಿ ಇಳಿಯಿತು.

ಕಾಲೆತ್ತಿಕೊಂಡರೆ ಮೇನೆ ವಾಲುತ್ತದೆ. ಇಳಿಸೋಣವೆಂದರೆ ಇಳಿಜಾರು, ಅಂಗೈಯಗಲ ಸಮ ನೆಲವಿಲ್ಲ. ಅವನು ಕಲ್ಲು ಎನ್ನುವ ದನಿಯಲ್ಲೇ ಮುಳ್ಳು ಎಂದ. ಹಿಂದಿನವರು ಕಾಲು ಪಕ್ಕಕ್ಕೆ ಹಾಕಿದರು. ಅವನು ಚುಚ್ಚಿದ ಕಾಲನ್ನು ಪೂರ್ತಿ ಊರಿ, ಮತ್ತೆ ಊರಿ, ತವರಿನ ಬಾಗಿಲ ತನಕ ನಡೆದ. ಒಂದು ಸಲವೂ ಕುಂಟಲಿಲ್ಲ.

ಹೆಣ್ಣುಮಗಳನ್ನು ಮೆಲ್ಲಗೆ ಒಳಗೆ ಎತ್ತಿಕೊಂಡು ಹೋಗಿ ಮಲಗಿಸಿದರು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಗಟ್ಟಿಯಾಗಿದೆ ಎಂದಳು. ಆಮೇಲೆ ಆ ಹುಡುಗಿ, “ದಾರಿ ಎಷ್ಟು ಸಮವಾಗಿತ್ತು ಅಂತೀಯವ್ವ!” ಎಂದು ತಾಯಿಗೆ ಹೇಳಿದಳು. ಹೊರಗೆ ಜಗಲಿಯಲ್ಲಿ ಮುಳ್ಳು ಕೀಳುತ್ತ ಕೂತಿದ್ದ ಮುಂದಾಳಿಗೆ ಅದು ಕೇಳಿಸಿತು. ಅವನಿಗೆ ಹಿಗ್ಗೋ ಹಿಗ್ಗು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

“ಅಷ್ಟು ನೋವು ತಿನ್ನುತ್ತಿದ್ದವನು ದಾರಿಯಲ್ಲೇ ಅವಳಿಗೆ ಒಂದು ಮಾತು ಹೇಳಬಾರದಿತ್ತೇ?”

“ಹೇಳಿದ್ದರೆ ಆ ಬಸುರಿ ತಾಯಿ ಮರುಗಿ ಇಳಿದು ನಡೆಯುತ್ತಿದ್ದಳಲ್ಲಪ್ಪ” ಎಂದರು ಗುರುಗಳು.