ಹೊಗೆಯನ್ನು ಬಿಟ್ಟುಕೊಟ್ಟ ಮರ

ಆ ಮರದ ಹೆಸರು ಕ… ಕಕ್ಕೆ? ಅಲ್ಲ, ಕಕ್ಕೆ ಹಳದಿ ಹೂವಿನದು. ಇದಕ್ಕೆ ಮುಳ್ಳಿತ್ತು, ಸಣ್ಣ ಸಣ್ಣ ಎಲೆಯಿತ್ತು, ಕಡಿದರೆ ಒಳಗೆ ರಕ್ತದ ಬಣ್ಣದ ತಿರುಳಿತ್ತು. ಕಗ್ಗ… ಕಗ್ಗಲಿ! ಹೌದು, ಕಗ್ಗಲಿ. ಈ ನಿನ್ನಜ್ಜಿ ಹುಟ್ಟಿದ ಊರಿನ ಗುಡ್ಡದ ತುಂಬ ಅದೇ ಮರ. ಈ ಊರಿನಲ್ಲಿ ಒಂದೂ ಇಲ್ಲ, ಹೆಸರು ಹೇಳಿದರೆ ತಿಳಿಯುವವರೂ ಇಲ್ಲ. ಬಾ ಮಗಳೇ, ಹತ್ತಿರ ಕೂತುಕೋ. ಇದು ಕಗ್ಗಲಿಯ ಕತೆ.

ಭೂಮಿ ಆಗಷ್ಟೇ ನೀರಿನಿಂದ ಎದ್ದು ಮೈ ಒರೆಸಿಕೊಳ್ಳುತ್ತಿದ್ದ ಕಾಲ. ಮರ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಗಾಳಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಆಗ ಬೆಂಕಿ ಇತ್ತು, ಇದ್ದಿಲು ಇರಲಿಲ್ಲ. ಬೆಂಕಿ ಎಂದರೆ ಕಟ್ಟಿಗೆ, ಕಟ್ಟಿಗೆ ಎಂದರೆ ಹೊಗೆ. ಉರಿದ ಕಟ್ಟಿಗೆ ನೇರ ಬೂದಿಯಾಗುತ್ತಿತ್ತು. ಹೊಗೆಯಿಲ್ಲದ ಬೆಂಕಿಯನ್ನು ಯಾರೂ ಕಂಡಿರಲಿಲ್ಲ.

ಗುಡ್ಡದ ಮೇಲೆ ಒಂದು ಜನ. ಅವರು ಸತ್ತವರನ್ನು ಮಣ್ಣಿಗೆ ಕೊಡುತ್ತಿದ್ದರು. ಉಣ್ಣುವ ಮೊದಲು ಕಟ್ಟಿಗೆ ಉರಿಸಿ, ಗೆಣಸನ್ನೋ ಮಾಂಸವನ್ನೋ ಅದರ ಮೇಲೆ ಸುಟ್ಟು, ಹೊಗೆ ಮರದ ತುದಿ ದಾಟುವ ತನಕ ಸುಮ್ಮನೆ ನಿಲ್ಲುತ್ತಿದ್ದರು. ಆ ಹೊಗೆ ಸತ್ತವರ ಪಾಲು. ಅದು ಏರಿದ ಮೇಲೆಯೇ ಇದ್ದವರು ಬಾಯಿಗಿಡಬೇಕು.

ಹೊಳೆಯ ದಂಡೆಯಲ್ಲಿ ಇನ್ನೊಂದು ಜನ. ಅವರು ಸತ್ತವರನ್ನು ಸುಡುತ್ತಿದ್ದರು. ಅವರು ಬೆಂಕಿ ಹಚ್ಚುತ್ತಿದ್ದದ್ದು ಅದೊಂದಕ್ಕೇ. ಊಟದ ಹತ್ತಿರ ಹೊಗೆ ಬಂದರೆ ಸಾವು ಬಂದಂತೆ. ಹಾಗಾಗಿ ಮೀನನ್ನು ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಹರಡಿ ಬೇಯಿಸಿಕೊಳ್ಳುತ್ತಿದ್ದರು.

ಗುಡ್ಡದವರು ಇವರನ್ನು 'ಹಸಿ ಮೀನಿನ ಕೊಕ್ಕರೆಗಳು' ಎಂದು ನಗುತ್ತಿದ್ದರು. ಇವರು ಅವರನ್ನು 'ಮಸಣದಲ್ಲಿ ಉಣ್ಣುವವರು' ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಡುವೆ ದಾರಿಯಿತ್ತು, ಯಾರೂ ನಡೆಯುತ್ತಿರಲಿಲ್ಲ.

ಒಂದು ಮಳೆಗಾಲ ಗುಡ್ಡದ ಒಂದು ಮಗ್ಗುಲು ಕುಸಿಯಿತು.

ಗುಡ್ಡದವಳು ಪುಟ್ಟೀರಿ ಮಣ್ಣಿನಿಂದ ಒಬ್ಬಳೇ ಎದ್ದು ಬಂದಳು. ಅವಳ ಒಬ್ಬನೇ ಮಗ ಬೊಮ್ಮ ಏಳಲಿಲ್ಲ. ಆ ಬೆಳಗ್ಗೆ ಅವನು ಅಗೆದು ತಂದಿದ್ದ ಒಂದು ಕಾಡುಗೆಣಸು ಅವಳ ಮಡಿಲಲ್ಲಿ ಹಾಗೇ ಇತ್ತು. ಅದನ್ನು ಹಿಡಿದುಕೊಂಡು ನೀರು ಹರಿದ ಕಡೆಗೆ ನಡೆದಳು. ನಡೆದು ನಡೆದು ಹೊಳೆಯ ದಂಡೆಗೆ ಬಂದಳು.

ಅಲ್ಲಿನ ಹಿರಿಯಳು ಹಲಗಮ್ಮ. ಬಾಯಿ ಜೋರು, ಕೈ ಧಾರಾಳ. "ಗುಡ್ಡದವಳಾದರೇನು, ನೆನೆದವಳು ನೆನೆದವಳೇ" ಎಂದು ತನ್ನ ಜೋಪಡಿಯ ಸೂರಿನಡಿ ಚಾಪೆ ಹಾಸಿಕೊಟ್ಟಳು.

ಪುಟ್ಟೀರಿ ದಿನ ಎಣಿಸಿದಳು. ಒಂಬತ್ತನೆಯ ದಿನ ಸತ್ತವನಿಗೆ ಮೊದಲ ಊಟ. ಅಂದು ಹೊಗೆ ಏರದಿದ್ದರೆ ಬೊಮ್ಮ ಆಚೆಯ ಲೋಕದ ಬಾಗಿಲಲ್ಲಿ ಹಸಿದು ನಿಲ್ಲುತ್ತಾನೆ. ಒಳಗೆ ಕರೆಯುವವರಿಲ್ಲ, ಹಿಂದಕ್ಕೆ ಬರುವ ದಾರಿಯೂ ಇಲ್ಲ.

ಎಂಟನೆಯ ದಿನ ಹಲಗಮ್ಮನ ಸೊಸೆ ಸೊಬಗಿ ಹೆಣ್ಣು ಮಗು ಹೆತ್ತಳು.

"ಅಕ್ಕಾ, ನಾಳೆ ಒಂದು ಹಿಡಿ ಬೆಂಕಿ ಹಚ್ಚಲೇ?" ಎಂದು ಪುಟ್ಟೀರಿ ಕೇಳಿದಳು. "ನನ್ನ ಮಗನಿಗೆ."

"ಏನಂದೆ? ಹಸಿ ಬಾಣಂತಿ ಇರುವ ಮನೆಯಲ್ಲಿ ಹೊಗೆಯೇ!" ಹಲಗಮ್ಮ ಎರಡೂ ಕೈ ಎತ್ತಿದಳು. "ಮಗುವಿಗೆ ಹೆಸರಿಡುವ ತನಕ ಈ ದಂಡೆಯಲ್ಲಿ ಕಿಡಿ ಕಾಣಬಾರದು. ಹೆಸರಿಲ್ಲದ ಮಗು ಹೊಗೆಯ ಹಿಂದೆ ಹೊರಟುಬಿಡುತ್ತೆ. ಆಮೇಲೆ ಎಷ್ಟು ಬೇಕಾದರೂ ಹಚ್ಚಿಕೋ, ತಂಗಿ."

"ಆಮೇಲೆ ಅವನಿಗೆ ತಲುಪುವುದಿಲ್ಲ, ಅಕ್ಕಾ."

ಒಳಗೆ ಮಗು ಅಳುತ್ತಿತ್ತು. ಹಲಗಮ್ಮ ಎದ್ದು ಒಳಗೆ ಹೋದಳು.

ಮರುದಿನ ಮಳೆ ಸ್ವಲ್ಪ ಬಿಟ್ಟಿತು. ಪುಟ್ಟೀರಿ ಗೆಣಸು ಮುಚ್ಚಿಟ್ಟುಕೊಂಡು ಹೊಳೆಯ ತಿರುವಿಗೆ ಹೋದಳು. ಅಲ್ಲಿ, ನೆರೆ ತಂದೆಸೆದ ಮರವೊಂದು ದಂಡೆಗೆ ತಲೆಯಿಟ್ಟು ಬಿದ್ದಿತ್ತು. ಮುಳ್ಳು ನೋಡಿ ಅವಳಿಗೆ ಗುರುತಾಯಿತು. ತನ್ನ ಗುಡ್ಡದ ಕಗ್ಗಲಿ.

"ನೀನೂ ಬಂದೆಯಾ?" ಎಂದಳು.

"ಬೇರು ಕಳಚಿತು ತಾಯಿ, ಬಂದೆ" ಎಂದಿತು ಕಗ್ಗಲಿ. "ಬೊಮ್ಮ ಕೂರುತ್ತಿದ್ದ ನೆರಳು ನನ್ನದೇ. ಅವನಿಗೆ ಬೇಕಾದರೆ ನನ್ನನ್ನು ಉರಿಸು."

ಪುಟ್ಟೀರಿ ಗಾಳಿಯ ಕಡೆ ತಿರುಗಿದಳು. "ಗಾಳಿಯಪ್ಪಾ, ಒಂದು ಗಳಿಗೆ ಹೊಳೆಯ ಆಚೆಗೇ ಬೀಸು. ಈಚೆ ಮಗುವಿದೆ."

"ಆಗಲಿ ಆಗಲಿ" ಎಂದಿತು ಗಾಳಿ.

ಅವಳು ಕಲ್ಲಿಗೆ ಕಲ್ಲು ಹೊಡೆದಳು. ಕಗ್ಗಲಿ ಹೊತ್ತಿಕೊಂಡಿತು. ಗೆಣಸನ್ನು ಹಸಿ ಕಡ್ಡಿಗೆ ಚುಚ್ಚಿ ಉರಿಗೆ ಹಿಡಿದಳು. ಹೊಗೆ ಎದ್ದಿತು, ಮೊಣಕಾಲೆತ್ತರ, ತಲೆಯೆತ್ತರ. ದಂಡೆಯ ಮರಗಳ ತುದಿ ದಾಟಲು ಇನ್ನೊಂದೇ ಆಳೆತ್ತರ ಉಳಿದಿತ್ತು.

ಆಗ ಗಾಳಿಗೆ ಒಂದು ಹಕ್ಕಿ ಕಂಡಿತು. ಅದರ ಹಿಂದೆ ತಿರುಗಿತು. ಕೊಟ್ಟ ಮಾತು ಗಾಳಿಗೆ ನೆನಪಿರುವುದು ಅಷ್ಟೇ ಹೊತ್ತು. ಹೊಗೆಯೆಲ್ಲ ಮಗ್ಗುಲಾಗಿ ಹೊರಳಿ ಜೋಪಡಿಗಳ ಮೇಲೆ ಬಿತ್ತು.

ಕೂಗು ಎದ್ದಿತು. ಹೆಂಗಸರು ಕೊಡ ಹಿಡಿದು ಓಡಿ ಬಂದರು, ಎಲ್ಲರಿಗಿಂತ ಮುಂದೆ ಹಲಗಮ್ಮ. ಕೊಡದ ಮೇಲೆ ಕೊಡ ನೀರು ಬಿತ್ತು. ಉರಿ ಸತ್ತಿತು. ಗೆಣಸು ಕಡ್ಡಿಯಿಂದ ಜಾರಿ, ಉರುಳಿ, ಹೊಳೆಗೆ ಬಿತ್ತು.

"ಸೂರು ಕೊಟ್ಟೆ, ಚಾಪೆ ಕೊಟ್ಟೆ" ಎಂದು ಹಲಗಮ್ಮ ಏದುಸಿರು ಬಿಟ್ಟಳು. "ನೀನು ನನ್ನ ಮನೆಗೆ ಸಾವನ್ನು ಕರೆದೆ! ಮಗು ಕೆಮ್ಮುತ್ತಿದೆ ಕಣೇ!"

ಪುಟ್ಟೀರಿ ಹೊಳೆಯನ್ನೇ ನೋಡುತ್ತಿದ್ದಳು. "ನಿನ್ನ ಮೊಮ್ಮಗಳು ಕೆಮ್ಮಿದಳು, ಅಕ್ಕಾ" ಎಂದಳು. "ನನ್ನ ಮಗ ಹಸಿದ."

ಎಲ್ಲರೂ ಹೋದರು. ಅವಳೊಬ್ಬಳೇ ಉಳಿದಳು.

ಗುಡ್ಡದವರಲ್ಲಿ ಒಂದು ಕಟ್ಟಳೆಯಿತ್ತು. ತಾನಾಗಿ ಆರಿದ ಬೆಂಕಿ ಮಲಗಿದ ಬೆಂಕಿ. ನೀರು ಹೊಯ್ದ ಬೆಂಕಿ ಕೊಂದ ಬೆಂಕಿ. ಕೊಂದ ಬೆಂಕಿಯನ್ನು ಹಾಗೇ ಬಿಡಬಾರದು, ಮನುಷ್ಯರನ್ನು ಹೂಳುವಂತೆ ಹೂಳಬೇಕು. ಹೂಳಲು ಮಗ ಅವಳ ಕೈಗೆ ಸಿಕ್ಕಿರಲಿಲ್ಲ. ಗುಡ್ಡವೇ ಹೂತಿತ್ತು. ಈಗ ಅವಳು ಕಗ್ಗಲಿಯನ್ನು ಹೂಳಲು ಕೂತಳು.

ಹಸಿರು ಸೊಪ್ಪು ಹೊದಿಸಿದಳು. ಮೇಲೆ ಜೇಡಿಮಣ್ಣು ಮೆತ್ತಿದಳು. ಬಿರುಕು ಬಿಟ್ಟಲ್ಲಿ ಮತ್ತೆ ಮೆತ್ತಿದಳು. ತಲೆಯ ಕಡೆ ಬೆರಳು ಹಿಡಿಸುವಷ್ಟು ಒಂದು ತೂತು ಬಿಟ್ಟಳು. ಸತ್ತವರ ಉಸಿರು ಹೊರಗೆ ಹೋಗಲೆಂದು ಗುಡ್ಡದವರು ಗೋರಿಗೆ ಹಾಗೆ ತೂತು ಬಿಡುತ್ತಿದ್ದರು.

ಮರ ಸತ್ತಿದೆಯೆಂದು ಅವಳು ತಿಳಿದಿದ್ದಳು. ಸತ್ತಿರಲಿಲ್ಲ. ನೀರು ಹೊರಮೈಗೆ ಬಿದ್ದಿತ್ತು, ಕೆಂಪು ತಿರುಳಿನಲ್ಲಿ ಕಿಡಿ ಉಳಿದಿತ್ತು.

ತೂತಿನಿಂದ ಹೊಗೆ ಬಂತು. ಮೊದಲ ದಿನ ಬೆಳ್ಳಗೆ, ಹಸುವಿನ ಬಾಲದಷ್ಟು ದಪ್ಪ. ಮರುದಿನ ನೀಲಿ, ಹಗ್ಗದಷ್ಟು. ಮೂರನೆಯ ದಿನ ಕೂದಲೆಳೆಯಷ್ಟು. ಆಮೇಲೆ ಏನೂ ಇಲ್ಲ. ಗಾಳಿ ತಪ್ಪು ಮಾಡಿದ ನಾಚಿಕೆಗೆ ಆ ಮೂರೂ ದಿನ ದಂಡೆಯ ಕಡೆ ತಲೆ ಹಾಕದೆ ಹೊಳೆಯ ಆಚೆಗೇ ಬೀಸಿತು.

ಆ ಮೂರೂ ದಿನ ಬಿಸಿಲು ಬರಲಿಲ್ಲ. ಹಾಸುಗಲ್ಲು ತಣ್ಣಗಿತ್ತು. ದಂಡೆಯಲ್ಲಿ ಮೀನು ಹಸಿಯಾಗಿಯೇ ಉಳಿಯಿತು. ಬಾಣಂತಿ ಸೊಬಗಿ ನಡುಗತೊಡಗಿದಳು. ಮಗುವಿನ ಅಳು ಸಣ್ಣಗಾಗುತ್ತಾ ಬಂತು.

ಮೂರನೆಯ ದಿನ ಗೋರಿ ತೆರೆಯುವುದು ಗುಡ್ಡದವರ ಪದ್ಧತಿ. ಪುಟ್ಟೀರಿ ಮಣ್ಣು ಸರಿಸಿದಳು. ಒಳಗೆ ಬೂದಿಯಿರಲಿಲ್ಲ, ಕಟ್ಟಿಗೆಯೂ ಇರಲಿಲ್ಲ. ಕಾಗೆಯಂತೆ ಕಪ್ಪಗೆ, ಗರಿಯಂತೆ ಹಗುರವಾಗಿ, ಏನೋ ಇತ್ತು. ಒಂದು ತುಂಡು ಇನ್ನೊಂದಕ್ಕೆ ತಾಗಿ 'ಟಣ್' ಎಂದಿತು. ಅಡಿಯಲ್ಲಿ ಒಂದು ತುದಿ ಮಾತ್ರ ಕೆಂಪಗಿತ್ತು.

"ತಾಯಿ" ಎಂದಿತು ಕಗ್ಗಲಿ. ಅದರ ದನಿಯೂ ಹಗುರವಾಗಿತ್ತು. "ಮಣ್ಣಿನೊಳಗೆ ಕೂತು ನನ್ನ ಹೊಗೆಯನ್ನೆಲ್ಲ ಕೊಟ್ಟುಬಿಟ್ಟೆ. ಇನ್ನು ನನ್ನಲ್ಲಿ ಹೊಗೆಯಿಲ್ಲ. ಬಿಸಿ ಮಾತ್ರ ಇದೆ. ಅದನ್ನು ಯಾರಿಗೆ ಕೊಡಲಿ?"

ಆಗಲೇ ಜೋಪಡಿಯಿಂದ ಮಗುವಿನ ಅಳು ಕೇಳಿತು. ಬೆಕ್ಕಿನ ಮರಿಯ ಅಳುವಿನಷ್ಟು.

"ಕೊಡಬೇಡ" ಎಂದಿತು ಹೊಳೆ. "ನಿನ್ನ ಮಗನ ತುತ್ತನ್ನು ನನ್ನ ಬಾಯಿಗೆ ಹಾಕಿದವರು ಅವರು. ನನಗೆ ಬೇಡವಾಗಿತ್ತು, ಹಾಕಿದರು."

ಬೊಮ್ಮ ಹುಟ್ಟಿದ ಮಳೆಗಾಲ ಪುಟ್ಟೀರಿಗೆ ನೆನಪಾಯಿತು. ಅವನ ಅಂಗಾಲು ತಣ್ಣಗಾದಾಗ ಅವಳು ಅದನ್ನು ಬಾಯಿಯ ಉಸಿರಿನಿಂದ ಬೆಚ್ಚಗೆ ಮಾಡಿದ್ದಳು.

ಎದ್ದಳು. ಮಣ್ಣಿನ ಮಡಕೆಗೆ ಕಪ್ಪು ತುಂಡುಗಳನ್ನು ತುಂಬಿದಳು, ಕೆಂಪು ತುದಿಯನ್ನು ಮೇಲಿಟ್ಟಳು, ಹೊತ್ತುಕೊಂಡು ನಡೆದಳು.

ಹಲಗಮ್ಮ ಬಾಗಿಲಲ್ಲಿ ಅಡ್ಡ ನಿಂತಳು. "ಮತ್ತೆ ಬೆಂಕಿಯೇ? ಒಂದು ಸಲ ಸಾಲಲಿಲ್ಲವೇನೇ?"

"ಮೂಗಿದೆಯಲ್ಲ ಅಕ್ಕಾ, ಮೂಸಿ ನೋಡು" ಎಂದಳು ಪುಟ್ಟೀರಿ. "ಕೆಮ್ಮು ಬಂದರೆ ನನ್ನನ್ನೂ ಇದನ್ನೂ ಸೇರಿಸಿ ಹೊಳೆಗೆ ನೂಕು."

ಹಲಗಮ್ಮ ಬಗ್ಗಿದಳು. ಮೂಸಿದಳು. ಕೈ ಚಾಚಿದಳು. ಕೈ ಬೆಚ್ಚಗಾಯಿತು, ಕಣ್ಣು ಉರಿಯಲಿಲ್ಲ. ಅವಳು ಬಾಗಿಲು ಬಿಟ್ಟಳು.

ಮಡಕೆಯನ್ನು ಸೊಬಗಿಯ ಮಂಚದ ಕೆಳಗಿಟ್ಟು, ಸೂರಿನ ಬಿದಿರುತಟ್ಟಿಯನ್ನು ಗಾಳಿಯಾಡಲು ಮೇಲೆತ್ತಿದರು. ಕೆಂಪು ಒಂದು ತುಂಡಿನಿಂದ ಇನ್ನೊಂದಕ್ಕೆ ಹರಿಯಿತು. ಬೆಳಕು ಮಂಚದ ಸಂದಿಯಿಂದ ಮಗುವಿನ ಕಣ್ಣಿಗೆ ಬಿತ್ತು, ಮಗು ಮುಖ ಕಿವುಚಿತು. ಅದನ್ನು ನೋಡಿ ಕೆಂಡ, ಹೆಂಗಸರು ಸೆರಗು ಎಳೆದುಕೊಳ್ಳುವಂತೆ, ಮೆಲ್ಲಗೆ ಬೂದಿಯನ್ನು ಮೈಮೇಲೆ ಎಳೆದುಕೊಂಡಿತು. ಬಿಸಿ ಉಳಿಯಿತು, ಬೆಳಕು ಅಡಗಿತು. ಸೊಬಗಿಯ ನಡುಕ ನಿಂತಿತು. ಮಗು ಹಾಲು ಹಿಡಿಯಿತು.

ಸಂಜೆಗೆ ಹಲಗಮ್ಮ ತಾನೇ ಇನ್ನೊಂದು ಮಡಕೆ ತಂದು, ಅರ್ಧ ಕೆಂಡ ಹಾಕಿಕೊಂಡು, ಅಂಗಳದಲ್ಲಿ ಕೂತಳು. ಮೂರು ದಿನದ ಮೇಲೆ ಮೊದಲ ಮೀನು. ಹಸಿ ಕಡ್ಡಿಗೆ ಚುಚ್ಚಿ ಪುಟ್ಟೀರಿಯ ಕೈಗೆ ಕೊಟ್ಟಳು.

"ಸುಡುವುದು ನಮಗೆ ಗೊತ್ತಿಲ್ಲ. ನೀನು ಸುಡು" ಎಂದಳು. ಆಮೇಲೆ, ಬೇರೆ ಕಡೆ ನೋಡುತ್ತಾ, "ನಿನ್ನ ಮಗನ ಹೆಸರೇನು?" ಎಂದಳು.

"ಬೊಮ್ಮ."

"ಬೊಮ್ಮನ ಪಾಲು ಮೊದಲು ಆಗಲಿ."

"ಹೊಗೆಯಿಲ್ಲವಲ್ಲ ಅಕ್ಕಾ, ಹೇಗೆ ಆಗುತ್ತೆ? ಒಂಬತ್ತನೆಯ ದಿನವೂ ದಾಟಿತು."

ಪುಟ್ಟೀರಿ ಮೀನಿನ ಕಡ್ಡಿಯನ್ನು ಕೆಂಡದ ಮೇಲೆ ಹಿಡಿದಳು. ಇಬ್ಬರೂ ಮೀನನ್ನು ನೋಡುತ್ತಾ ಕೂತರು. ಬೂದಿಯ ಕೆಳಗೆ ಕೆಂಡ ಕಣ್ಣು ಮುಚ್ಚಿಕೊಂಡಿತ್ತು. ಪುಟ್ಟೀರಿ ಬಗ್ಗಿ, ಅದರ ಮೇಲೆ ಬಾಯಿಯಿಟ್ಟಂತೆ ಹತ್ತಿರ ಹೋಗಿ, ಕೇಳಿದಳು:

"ಉಂಡೆಯಾ, ಮಗಾ?"

ಅವಳ ಉಸಿರು ತಾಗಿತು. ಬೂದಿ ಹಾರಿತು. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು. ಆ ಬಿಸಿಗೆ ಮೀನಿನ ಹೊಟ್ಟೆಯಿಂದ ಒಂದು ತೊಟ್ಟು ಎಣ್ಣೆ ಜಾರಿ ಕೆಂಡದ ಮೇಲೆ 'ಚುಂಯ್' ಎಂದು ಬಿತ್ತು. ಒಂದೇ ಒಂದು ಎಳೆ ಹೊಗೆ ಎದ್ದಿತು.

ಹಲಗಮ್ಮ ಬೆಚ್ಚಿ ಬಾಗಿಲ ಕಡೆ ನೋಡಿದಳು. ಒಳಗೆ ಮಗು ನಿದ್ದೆಯಲ್ಲಿತ್ತು. ಅವಳು ಎದ್ದಳು. ಕೊಡದ ಕಡೆಗೆ ಹೋಗಲಿಲ್ಲ. ಬಾಗಿಲ ಚಾಪೆಯನ್ನು ಇಳಿಬಿಟ್ಟು, ಬಂದು ಮತ್ತೆ ಕೂತಳು.

"ಒಂದು ಎಳೆ ತಾನೆ" ಎಂದಳು. "ಹೋಗಲಿ. ದೂರ ಹೋಗಬೇಕು ಅದು."

ಗಾಳಿ ಉಸಿರು ಬಿಗಿಹಿಡಿದು ನಿಂತಿತು. ಹೊಗೆ ನೆಟ್ಟಗೆ ಏರಿತು. ಸೂರು ದಾಟಿತು, ಮರದ ತುದಿ ದಾಟಿತು. ಇಬ್ಬರು ಹೆಂಗಸರೂ ಎದ್ದು ಸುಮ್ಮನೆ ನಿಂತು, ಅದು ಕಾಣದಾಗುವ ತನಕ ನೋಡಿದರು. ಆಮೇಲೆ ಪುಟ್ಟೀರಿ ಮೀನು ಮುರಿದಳು. ಗುಡ್ಡ ಕುಸಿದ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅಂದೇ.

ಗುಡ್ಡದಲ್ಲಿ ಉಳಿದವರು ಕಟ್ಟಿಗೆಯನ್ನೇ ಉರಿಸಿದರು, ಹೊಗೆ ಏರುವ ತನಕ ಕಾದರು. ಹೊಳೆಯವರು ಇದ್ದಿಲು ಕಲಿತರು, ಕೆಂಡ ಬೂದಿ ಹೊದೆಯುವ ತನಕ ಕಾದರು. ಇವತ್ತಿಗೂ ಒಬ್ಬರ ಅಡುಗೆ ಇನ್ನೊಬ್ಬರಿಗೆ ಸರಿಬರುವುದಿಲ್ಲ. ಕಾಯುವುದನ್ನು ಮಾತ್ರ ಇಬ್ಬರೂ ಬಿಟ್ಟಿಲ್ಲ.

ನಿನ್ನೆ ಸಂಜೆ ರಸ್ತೆಯ ಮೂಲೆಯಲ್ಲಿ ಜೋಳ ಸುಡುವವಳು ಬೀಸಣಿಗೆ ಬೀಸಿದಾಗ ಬೂದಿ ಹಾರಿ ಕೆಂಡ ಕೆಂಪಗಾಯಿತಲ್ಲ, ಅವಳು ಬೆಣ್ಣೆ ಸವರಿದಾಗ ತೊಟ್ಟು ಬಿದ್ದು ಒಂದೇ ಎಳೆ ಹೊಗೆ ಎದ್ದಿತಲ್ಲ, ನೀನು ಯಾಕಜ್ಜಿ ಎಂದು ಕೇಳಿದೆಯಲ್ಲ, ಅದು ಯಾರದೋ ಮನೆಯ ಬೊಮ್ಮನ ಪಾಲು ಮಗಳೇ, ಅಂದಿನಿಂದ ಹಾಗೇ ಏರುತ್ತಿದೆ.

ಹೋಗು, ನಿನ್ನ ನೋಟುಪುಸ್ತಕ ತಾ. ಅಜ್ಜಿಯ ಅಕ್ಷರ ಈಗ ಗೆರೆಯ ಮೇಲೆ ನಿಲ್ಲುವುದಿಲ್ಲ. ನೀನೇ ಬರೆದಿಡು.