ಅಲಗನ್ನು ಹಿಡಿಯದ ಲೇಪ

ಚನ್ನವೀರ ಗುರುಗಳ ಎದುರು ಕುಳಿತು ಕೇಳಿದ: "ಎಂಟು ವರ್ಷದಿಂದ ನಿಮ್ಮ ಉಪದೇಶ ಕೇಳುತ್ತಿದ್ದೇನೆ. ಆದರೂ ಯಾರಾದರೂ ಒಂದು ಕಟುಮಾತು ಆಡಿದರೆ ಸಾಕು, ಕಲಿತದ್ದೆಲ್ಲ ಕಳಚಿ ಬೀಳುತ್ತದೆ. ಯಾಕೆ ಗುರುಗಳೇ?"

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಲೇಪದ ಕೆಲಸ ಬಲ್ಲ ಒಬ್ಬ ಹೆಂಗಸಿದ್ದಳು. ಉಕ್ಕಿನ ಪೆಟ್ಟಿಗೆಯಿಂದ ಗಾಳಿಯನ್ನೆಲ್ಲ ಹೊರಗೆಳೆದು, ಅದರೊಳಗೆ ಫ್ಲೋರೋಪಾಲಿಮರ್ ಎಂಬ ಬಿಳಿ ಪುಡಿಯನ್ನು ಕಾಯಿಸುವಳು. ಅದು ಆವಿಯಾಗಿ, ಎದುರಿಗಿಟ್ಟ ವಸ್ತುವಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುವುದು. ಹಿಟ್ಟು ಹಿಡಿಯದಿರಲೆಂದು ದೋಸೆ ಕಾವಲಿಗೆ ಬಳಿಯುತ್ತಾರಲ್ಲ, ಅದೇ ಜಾತಿಯದು.

ಒಬ್ಬ ಕಣ್ಣಿನ ವೈದ್ಯರು ಅವಳಲ್ಲಿಗೆ ಬಂದರು. "ನಮ್ಮ ಅಲಗು ಎಷ್ಟು ಹರಿತವಾಗಿದ್ದರೂ ಕಣ್ಣನ್ನು ತುಸು ಎಳೆಯುತ್ತದೆ. ಈ ವಾರ ಮೂರು ತಿಂಗಳ ಕೂಸಿನ ಶಸ್ತ್ರಕ್ರಿಯೆ ಇದೆ. ಜಾರುವಂತೆ ಮಾಡಿಕೊಡುತ್ತೀರಾ ಅಮ್ಮ?"

ಅವಳು ಒಪ್ಪಿಕೊಂಡಳು. ಲೇಪ ಕೂರಿಸಿ, ಅಲಗನ್ನು ರಬ್ಬರ್ ಹಾಳೆಯಲ್ಲಿ ನಾಲ್ಕು ಸಲ ಆಡಿಸಿದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೇಪ ಸಿಪ್ಪೆಯಾಗಿ ಎದ್ದಿತ್ತು. ಇದು ಕೂಸಿನ ಕಣ್ಣಿನೊಳಗೆ ಉದುರಿದ್ದರೆ? ಇನ್ನೊಂದು ಅಲಗಿಗೆ ಎರಡರಷ್ಟು ದಪ್ಪ ಕೂರಿಸಿದಳು. ಸಿಪ್ಪೆಯೂ ದಪ್ಪನಾಗಿ ಎದ್ದಿತು.

ಏನನ್ನೂ ಅಂಟಿಸಿಕೊಳ್ಳದ ಪದಾರ್ಥ ಉಕ್ಕಿಗಾದರೂ ಏಕೆ ಅಂಟೀತು ಎಂದು ಕೈಚೆಲ್ಲುವುದರಲ್ಲಿದ್ದಳು. ಅಷ್ಟರಲ್ಲಿ ಒಂದು ಕುತೂಹಲ ಹುಟ್ಟಿತು. ಇಷ್ಟು ಹೊತ್ತು ಮೇಲ್ಮೈಯನ್ನೇ ನೋಡುತ್ತಿದ್ದೇನೆ, ಸಿಪ್ಪೆಯ ಅಡಿಯಲ್ಲಿ ಏನಿದೆ? ಚಿಮಟದಿಂದ ಮಗುಚಿ ನೋಡಿದಳು. ಒತ್ತೊತ್ತಾಗಿ ಬಾಗಿದ ಗೆರೆಗಳು. ತನ್ನ ಹೆಬ್ಬೆರಳನ್ನು ಪಕ್ಕದಲ್ಲಿಟ್ಟಳು. ಅವೇ ಗೆರೆಗಳು.

ಮತ್ತೊಂದು ಅಲಗನ್ನು ತೊಳೆದು, ಒಣಗಿಸಿ, ಕೈ ಸೋಕಿಸದೆ ಪೆಟ್ಟಿಗೆಯಲ್ಲಿಟ್ಟಳು. ಗಾಳಿ ತೆಗೆದ ಮೇಲೆ, ಉಳಿದ ಅಷ್ಟಿಷ್ಟು ಅನಿಲಕ್ಕೆ ವಿದ್ಯುತ್ ಹಾಯಿಸಿದಳು. ಅದು ನೇರಳೆಯಾಗಿ ಹೊಳೆದು ಅಲಗಿನ ಕೊನೆಯ ಕೊಳೆಯನ್ನೂ ಕಿತ್ತು ಹಾಕಿತು. ಆಮೇಲೆಯೇ ಪುಡಿ ಕಾಯಿಸಿದಳು. ಈ ಸಲ ನೂರು ಬಾರಿ ಆಡಿಸಿದರೂ ಲೇಪ ಕದಲಲಿಲ್ಲ.

ಹಾಗೆಯೇ ಲೇಪ ಕೂರಿಸಿದ ಹೊಸ ಅಲಗಿನಿಂದ ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತು. ವೈದ್ಯರು ಬಂದು, ಮೊದಲೆರಡು ಲೇಪ ಎದ್ದುಬಂದ ಸಂಗತಿ ತಿಳಿದು ಕೇಳಿದರು: "ಮೊದಲಿನ ಪುಡಿ ಕೆಟ್ಟಿತ್ತೇ?"

"ಇಲ್ಲ ಡಾಕ್ಟರೇ, ಅದು ಬಿಗಿಯಾಗಿಯೇ ಹಿಡಿದಿತ್ತು. ಆದರೆ ಹಿಡಿದದ್ದು ಅಲಗನ್ನಲ್ಲ, ನನ್ನ ಬೆರಳಿನ ಜಿಡ್ಡನ್ನು" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ: "ಹಾಗಾದರೆ ನಿಮ್ಮ ಉಪದೇಶ ನನ್ನಲ್ಲಿ ಏನನ್ನು ಹಿಡಿದುಕೊಂಡಿದೆ?"

ಗುರುಗಳು ಹೇಳಿದರು: "ನನ್ನ ಹಿರಿಯ ಶಿಷ್ಯ ಎನ್ನಿಸಿಕೊಳ್ಳುವ ನಿನ್ನ ಆಸೆಯನ್ನು."